ನೀರೊಳಗೆ ಲೇಸರ್ ಹೊಡೆದರೆ ಚಿನ್ನದ ನ್ಯಾನೊ ಕಣ

ಬೆಳಕಿನ ಬಲದಿಂದ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕಗಳಿಗೆ ಬೇಕಾದ ನ್ಯಾನೊ ಕಣಗಳನ್ನು ರಾಸಾಯನಿಕಗಳಿಂದಲೇ ತಯಾರಿಸಬಹುದು. ತೊಡಕೆಂದರೆ, ಕಣಗಳು ಒಂದಕ್ಕೊಂದು ಅಂಟದಿರಲೆಂದು ಬೆರೆಸುವ ಪದಾರ್ಥ ಅವುಗಳ ಮೈಗೇ ಮೆತ್ತಿಕೊಳ್ಳುತ್ತದೆ. ಕ್ರಿಯೆ ನಡೆಯಬೇಕಾದದ್ದು ಆ ಮೈಮೇಲೆಯೇ! ಲೋಹವನ್ನು ನೀರಿನಲ್ಲಿಟ್ಟು ಲೇಸರ್ ಹೊಡೆದು ಕಣ ಮಾಡುವ ವಿಧಾನದಲ್ಲಿ ಆ ರಗಳೆಯಿಲ್ಲ. ನೀರಿನಲ್ಲಿಟ್ಟ ಕಬ್ಬಿಣದ ಮೇಲೆ ಲೇಸರ್ ಹಾಯಿಸಿದ ಪ್ರಯೋಗವನ್ನು ಪುಣೆಯ ವಿಜ್ಞಾನಿಗಳು 1987ರಲ್ಲೇ ಪ್ರಕಟಿಸಿದ್ದರು.

ಇದು ಸುಸಜ್ಜಿತ ಪ್ರಯೋಗಾಲಯದ ಕೆಲಸ. ಸಾಮಾನ್ಯವಾಗಿ ಬಳಸುವ 1064 ನ್ಯಾನೊಮೀಟರ್ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ. ಆ ತರಂಗಾಂತರಕ್ಕೆಂದೇ ಇರುವ ಕನ್ನಡಕ ಹಾಕಿ. ಉಂಗುರ, ಗಡಿಯಾರ ತೆಗೆದಿಡಿ.

ಶುದ್ಧ ಚಿನ್ನದ ತುಂಡನ್ನು ತೊಳೆದು ಬೀಕರಿನ ತಳದಲ್ಲಿಡಿ. ಅದರ ಮೇಲೆ ಅರ್ಧದಿಂದ ಒಂದು ಸೆಂಟಿಮೀಟರ್ ನಿಲ್ಲುವಷ್ಟು ಅಯಾನುರಹಿತ (ಲವಣಾಂಶ ತೆಗೆದ) ನೀರು ಸುರಿಯಿರಿ. ಕಡಿಮೆಯಾದರೆ ನೀರು ಲೆನ್ಸಿಗೆ ಸಿಡಿಯುತ್ತದೆ, ಹೆಚ್ಚಾದರೆ ಬೆಳಕು ಸೊರಗುತ್ತದೆ. ಒಂದು ಚಿಟಿಕೆಗಿಂತಲೂ ಎಷ್ಟೋ ಕಡಿಮೆ ಉಪ್ಪು ಬೆರೆಸಿದರೆ ಕಣಗಳು ಸಣ್ಣದಾಗಿಯೇ ಉಳಿಯುತ್ತವೆ. ಜಾಸ್ತಿಯಾದರೆ ಗುಂಪುಗಟ್ಟಿ ತಳ ಸೇರುತ್ತವೆ.

ಈಗ ಕೆಲವೇ ನ್ಯಾನೊಸೆಕೆಂಡು ಬಾಳುವ ಲೇಸರ್ ಮಿಡಿತಗಳನ್ನು ಲೋಹದ ಮೇಲೆ ಕೇಂದ್ರೀಕರಿಸಿ. ಪ್ರತಿ ಹೊಡೆತಕ್ಕೂ ಚಿನ್ನದ ಮೇಲ್ಪದರ ಆವಿಯಾಗಿ, ಸಾವಿರಾರು ಡಿಗ್ರಿ ಬಿಸಿಯ ಪ್ಲಾಸ್ಮಾ (ಆವೇಶಭರಿತ ಅನಿಲ) ಚಿಮ್ಮುತ್ತದೆ. ಸುತ್ತ ನೀರಾವಿಯ ಗುಳ್ಳೆಯೊಂದು ಉಬ್ಬಿ, ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಮೊದಲೇ ಕುಸಿಯುತ್ತದೆ. ಅಷ್ಟರಲ್ಲೇ ಆವಿ ತಣಿದು ಕಣಗಳಾಗಿರುತ್ತವೆ. ಹೊಡೆತ ಒಂದೇ ಕಡೆ ಬಿದ್ದರೆ ಗುಂಡಿ ಬೀಳುತ್ತದೆ. ತುಂಡನ್ನು ಸರಿಸುತ್ತಿರಿ, ನೀರನ್ನು ಕದಡುತ್ತಿರಿ. ಹಸಿರು ಲೇಸರ್ ಇಲ್ಲಿ ಬೇಡ: ಚಿನ್ನದ ಕಣಗಳು 520 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕನ್ನೇ ಹೆಚ್ಚು ಹೀರುವುದರಿಂದ, ಆಗಲೇ ಹುಟ್ಟಿದ ಕಣಗಳು ಅದನ್ನು ತಡೆದುಬಿಡುತ್ತವೆ. ನೀರು ಮಾಣಿಕ್ಯದ ಕೆಂಪಿಗೆ ತಿರುಗಿದರೆ ಸರಿ. ನೀಲಿ ಛಾಯೆ ಕಂಡರೆ ಕಣಗಳು ಅಂಟಿಕೊಂಡಿವೆ ಎಂದರ್ಥ.

ಆ ದ್ರಾವಣಕ್ಕೆ ಬೆಳಕಿನಿಂದ ಕೆಲಸ ಮಾಡುವ ವೇಗವರ್ಧಕವಾದ ಟೈಟಾನಿಯಂ ಡೈಆಕ್ಸೈಡ್ ಪುಡಿ ಹಾಕಿ, ತುಸು ಆಮ್ಲೀಯವಾಗಿಸಿ ಕಲಕಿ. ಆಗ ಪುಡಿಗೆ ಧನ ಆವೇಶ, ಚಿನ್ನಕ್ಕೆ ಋಣ ಆವೇಶ ಇರುವುದರಿಂದ ಎರಡೂ ತಾವಾಗಿ ಕೂಡಿಕೊಳ್ಳುತ್ತವೆ. ಬರೀ ಟೈಟಾನಿಯಂ ಡೈಆಕ್ಸೈಡಿಗೆ ನೇರಳಾತೀತ ಕಿರಣವೇ ಬೇಕು. ಚಿನ್ನ ಸೇರಿದರೆ ಹಸಿರು ಬೆಳಕೂ ಸ್ವಲ್ಪ ಮಟ್ಟಿಗೆ ಕೆಲಸಕ್ಕೆ ಬರುತ್ತದೆ.

ಪರೀಕ್ಷೆಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬಳಸುವುದು ರೂಢಿ; ವೇಗವರ್ಧಕ ಕೆಲಸ ಮಾಡಿದರೆ ಬೆಳಕಿನಲ್ಲಿ ಅದು ಮಾಸುತ್ತದೆ. ಆದರೆ ಬಣ್ಣ ಮಾಸಿತೆಂದು ಹಿಗ್ಗಬೇಡಿ. ಬಣ್ಣ ಪುಡಿಗೆ ಬರೀ ಅಂಟಿಕೊಂಡಿರಬಹುದು. ಅದಕ್ಕೇ ದೀಪ ಹಚ್ಚುವ ಮುನ್ನ ಅರ್ಧ ಗಂಟೆ ಕತ್ತಲಲ್ಲಿ ಕಲಕಬೇಕು. ವೇಗವರ್ಧಕವಿಲ್ಲದ ಬಣ್ಣದ ನೀರನ್ನೂ ಅದೇ ದೀಪದಡಿ ಇಡಿ, ಏಕೆಂದರೆ ಮೆಥಿಲೀನ್ ಬ್ಲೂ ಬೆಳಕಿಗೆ ತಾನಾಗಿಯೂ ಮಾಸುತ್ತದೆ.