ಯು-ಗಿ-ಓ ಡ್ಯುಯಲ್ ನೋಡೋದು ಹೇಗೆ, ಕಥೆನೂ ಆಟನೂ ಒಟ್ಟಿಗೆ

ಯು-ಗಿ-ಓ ಡ್ಯುಯಲ್ ಮಾನ್‌ಸ್ಟರ್ಸ್ ಅನ್ನೋ ಅನಿಮೆ 2000ದಲ್ಲಿ ಜಪಾನ್ ಟಿವಿಲಿ ಶುರುವಾಗಿದ್ದು, ಮಾನ್‌ಸ್ಟರ್ ಕಾರ್ಡ್‌ಗಳಲ್ಲಿ ಇಬ್ರು ಆಡೋ ಪಂದ್ಯನೇ ಡ್ಯುಯಲ್, ಒಟ್ಟು 224 ಎಪಿಸೋಡ್. ಸುಮ್ನೆ ಡ್ರ್ಯಾಗನ್ ನೋಡ್ಕೊಂಡು ಕೂತ್ರೆ ಅರ್ಧ ಮಜಾ ಹೋಯ್ತು.

ಫಸ್ಟ್ ಎಪಿಸೋಡ್‌ನೇ ತಗೊಳ್ಳಿ. ಎದುರಾಳಿ ಕೈಬಾ, ಹೀರೋ ಯೂಗಿಯ ತಾತನ ಬ್ಲೂ-ಐಸ್ ಅನ್ನೋ ಡ್ರ್ಯಾಗನ್ ಕಾರ್ಡ್ ಹರಿದು ಹಾಕ್ತಾನೆ, ಯೂಗಿ ಅದೇ ತಾತನ ಡೆಕ್ (ಕಾರ್ಡ್ ಕಟ್ಟು) ಹಿಡ್ಕೊಂಡು ಎದುರು ನಿಲ್ತಾನೆ, ಆ ಕಡೆ 3000 ಅಟ್ಯಾಕ್ ಇರೋ ಬ್ಲೂ-ಐಸ್ ಒಂದರ ಹಿಂದೆ ಒಂದು ಮೂರು ಬರ್ತವೆ. ಇಲ್ಲಿ ಪಾಜ್ ಮಾಡಿ ಯೂಗಿ ಕೈಲಿರೋ ಕಾರ್ಡ್ ನೋಡಿ, ಕೈ ಕಾಲು ಚಿತ್ರ ಇರೋ ಕೆಲ್ಸಕ್ಕೆ ಬಾರದ ತರ ಕಾಣೋವು, ಅವೇ ಎಕ್ಸೋಡಿಯಾ ಅನ್ನೋ ಮಾನ್‌ಸ್ಟರ್‌ನ ತುಂಡುಗಳು, ಐದೂ ಸೇರಿದ್ರೆ ಆಟನೇ ಮುಗೀತು. ಅಂದ್ರೆ ಅವ್ನು ಸ್ವೋರ್ಡ್ಸ್ ಆಫ್ ರಿವೀಲಿಂಗ್ ಲೈಟ್ ಅನ್ನೋ ಕಾರ್ಡ್ ಹಾಕಿ ಕೈಬಾನ ಮೂರು ಟರ್ನ್ ತಡೆಯೋದು ಗೆಲ್ಲೋಕಲ್ಲ, ಟೈಮ್ ತಗೊಳ್ಳೋಕೆ. ನನ್ ಪ್ರಕಾರ ಇಡೀ ಸೀರೀಸ್‌ನ ಬೆಸ್ಟ್ ಬರವಣಿಗೆ ಇದೇ.

ಆಮೇಲೆ ಲೈಫ್ ಪಾಯಿಂಟ್ಸ್ ಗಮನಿಸಿ, ಇದು ಸೊನ್ನೆ ಆದ್ರೆ ಸೋತ ಹಾಗೆ. ಮೊದಲ ಟೂರ್ನಮೆಂಟ್ ಡ್ಯುಯಲಿಸ್ಟ್ ಕಿಂಗ್‌ಡಮ್‌ನಲ್ಲಿ 2000, ಆಮೇಲಿನ ಟೂರ್ನಮೆಂಟ್ ಬ್ಯಾಟಲ್ ಸಿಟಿಲಿ 4000, ನಿಜವಾದ ಕಾರ್ಡ್ ಗೇಮ್‌ನಲ್ಲಿ 8000. ಕಮ್ಮಿ ಇದ್ದಷ್ಟೂ ಒಂದೊಂದು ಏಟೂ ಭಯ ಹುಟ್ಸುತ್ತೆ.

ಕಿಂಗ್‌ಡಮ್‌ನಲ್ಲಿ ರೂಲ್ಸ್ ಹುಡುಕೋಕೆ ಹೋಗ್ಬೇಡಿ, ಅಲ್ಲಿ ಯೂಗಿ ಚಂದ್ರಂಗೇ ಅಟ್ಯಾಕ್ ಮಾಡ್ತಾನೆ ಮಾರಾಯ್ರೆ! ಬ್ಯಾಟಲ್ ಸಿಟಿಯಿಂದ ಟ್ರಿಬ್ಯೂಟ್ ಬರುತ್ತೆ, ಅಂದ್ರೆ ದೊಡ್ಡ ಮಾನ್‌ಸ್ಟರ್ ಇಳಿಸೋಕೆ ತಮ್ಮದೇ ಮಾನ್‌ಸ್ಟರ್ ಬಲಿ ಕೊಡ್ಬೇಕು, ಲೆವೆಲ್ 5-6ಕ್ಕೆ ಒಂದು ಬಲಿ, 7ರಿಂದ ಮೇಲೆ ಎರಡು, ಆಗಿಂದ ಲೆಕ್ಕ ಹಾಕ್ತಾ ನೋಡ್ಬೋದು.

ಹಾಂ, ಜಪಾನೀಸ್ ಆಡಿಯೋಲಿ ಯೂಗಿಯ ಫ್ರೆಂಡ್ ಜೋಯಿ ಹೆಸ್ರು ಜೊನೊಉಚಿ, ಕನ್‌ಫ್ಯೂಸ್ ಆಗ್ಬೇಡಿ.