ವ್ಯಾಕ್ಸ್ ಒಂದು ತಿಂಗಳು ನಿಲ್ಲುವಂತೆ ಮಾಡಿದ್ದು: ನನ್ನ ಅನುಭವ

ಯುಗಾದಿಯ ಹಿಂದಿನ ವಾರ ನನ್ನ ಪಾರ್ಲರಿಗೆ ಒಬ್ಬ ಟೀಚರ್ ಬಂದು ಕುರ್ಚಿಯ ಮೇಲೆ ಕಾಲು ಚಾಚಿ, "ಅಕ್ಕಾ, ವ್ಯಾಕ್ಸ್ ಮಾಡಿಸಿ ಇವತ್ತಿಗೆ 32 ದಿನ. ಮುಟ್ಟಿ ನೋಡಿ" ಎಂದರು. ಮೀನಖಂಡದ ಮೇಲೆ ಕೆಳಗಿನಿಂದ ಮೇಲಕ್ಕೆ ಕೈಯಾಡಿಸಿದೆ. ಅಲ್ಲೊಂದು ಇಲ್ಲೊಂದು ಎಳೆಗೂದಲು, ಅದೂ ಮೆತ್ತಗೆ. ಚುಚ್ಚುವಂಥದ್ದು ಒಂದೂ ಸಿಗಲಿಲ್ಲ. ವ್ಯಾಕ್ಸಿನ ಮೇಲೆ ಒತ್ತಿ ಎಳೆಯುವ ಬಟ್ಟೆಯ ಪಟ್ಟಿಗೆ ಸಿಗುವಷ್ಟು ಉದ್ದವೇ ಇನ್ನೂ ಬಂದಿಲ್ಲ ಎಂದು ಅವರನ್ನು ಕೆಲಸ ಮಾಡದೆ ವಾಪಸ್ ಕಳುಹಿಸಿದೆ. ಕೈಗೆ ಬಂದ 420 ರೂಪಾಯಿಯನ್ನು ಬಿಟ್ಟು ಕಳುಹಿಸಿದರೂ ಆ ದಿನವೆಲ್ಲ ಮನಸ್ಸು ತುಂಬಿತ್ತು.

"ವ್ಯಾಕ್ಸ್ ಎಂದರೆ ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ತಿಂಗಳು ನಿಲ್ಲುತ್ತದೆ ಎನ್ನುವುದು ಡಬ್ಬಿಯ ಮೇಲೆ ಬರೆಯುವ ಮಾತು" ಎಂದು ಶಿವಮೊಗ್ಗದಲ್ಲೇ ನನಗಿಂತ ಹಿರಿಯರಾದ ಪಾರ್ಲರಿನವರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಈಗ ನನ್ನ ಪುಸ್ತಕದಲ್ಲಿ ತೊಂಬತ್ತಕ್ಕೂ ಹೆಚ್ಚು ಜನರ ದಿನಾಂಕಗಳಿವೆ. ಕಾಲಿಗೆ ನಾಲ್ಕು ವಾರ ನಿಲ್ಲದವರು ಅವರಲ್ಲಿ ಹತ್ತು ಹನ್ನೆರಡು ಮಂದಿ ಇರಬಹುದು. ಡಬ್ಬಿ ಬಿಸಿ ಮಾಡುವುದು, ಪೌಡರ್ ಹಚ್ಚುವುದು, ಪಟ್ಟಿ ಕತ್ತರಿಸುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟು ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಬರೆಯುತ್ತೇನೆ.

ವಿನೋಬನಗರದಲ್ಲಿ ಒಂದೇ ಕೋಣೆಯ ಪಾರ್ಲರ್ ಶುರು ಮಾಡಿದ್ದು 2017ರಲ್ಲಿ. ಬಾಡಿಗೆ 4,500, ಮುಂಗಡ 40,000. ಅದರಲ್ಲಿ ಅರ್ಧ ಸ್ತ್ರೀಶಕ್ತಿ ಸಂಘದ ಸಾಲ. ಸಾಲದ ಕಂತು ತಲೆಯ ಮೇಲಿದ್ದುದರಿಂದ ಅಗ್ಗದ ವ್ಯಾಕ್ಸ್ ತಂದೆ. ಹಳೆಯ ಜೀನ್ಸ್ ಬಟ್ಟೆಯ ಪಟ್ಟಿಗಳನ್ನು ತೊಳೆದು ತೊಳೆದು ಬಳಸಿದೆ. ಕೆಲಸ ಬೇಗ ಮುಗಿಯುತ್ತಿತ್ತು, ಕಾಲು ಹೊಳೆಯುತ್ತಿತ್ತು, ಗಿರಾಕಿಗಳೂ ನಗುತ್ತಲೇ ಹೋಗುತ್ತಿದ್ದರು.

ಎರಡನೆಯ ವರ್ಷದ ಮದುವೆ ಕಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಹುಡುಗಿಯೊಬ್ಬಳಿಗೆ ಮದುವೆಗೆ ನಾಲ್ಕು ದಿನ ಮುಂಚೆ ಕೈಕಾಲು ಮಾಡಿದ್ದೆ. ಆರನೆಯ ದಿನ, ಅರಿಸಿನದ ಬಣ್ಣ ಇನ್ನೂ ಮಾಸದ ಕಾಲನ್ನು ತೋರಿಸುತ್ತ ನನ್ನ ಮುಂದೆ ನಿಂತಳು. ಎಲುಬಿನ ಉದ್ದಕ್ಕೂ ಮುಳ್ಳು ಮುಳ್ಳು. "ಅಕ್ಕಾ, ಮನೆಯಲ್ಲೇ ರೇಜರ್ ಹಾಕಿಕೊಂಡಿದ್ದರೆ ಇದಕ್ಕಿಂತ ವಾಸಿಯಿತ್ತು" ಎಂದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅವಳು ಕೊಟ್ಟಿದ್ದ 600 ರೂಪಾಯಿಯನ್ನು ಹಿಂದಿರುಗಿಸಿದೆ.

ಅದೇ ಸಂಜೆ ಕಸದ ಬುಟ್ಟಿಯಲ್ಲಿದ್ದ ಬೇರೊಬ್ಬ ಗಿರಾಕಿಯ ಪಟ್ಟಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಮಗನ ಶಾಲೆಯ ಭೂತಗನ್ನಡಿ ಇತ್ತು, ಅದನ್ನೂ ಹಿಡಿದೆ. ಬುಡಸಹಿತ ಬಂದ ಕೂದಲಿನ ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಗಂಟು ಕಾಣುತ್ತದೆ. ಕೆಲವಕ್ಕೆ ತೆಳ್ಳನೆಯ ಬಿಳಿ ಪೊರೆಯೂ ಅಂಟಿಕೊಂಡಿರುತ್ತದೆ. ಐವತ್ತು ಕೂದಲು ಎಣಿಸಿದೆ. ಗಂಟಿದ್ದವು ಇಪ್ಪತ್ತರ ಆಸುಪಾಸು. ಉಳಿದವೆಲ್ಲ ಕತ್ತರಿಯಿಂದ ಕತ್ತರಿಸಿದಂತೆ ಮೊಂಡು. ಅಂದರೆ ನಾನು ಇಷ್ಟು ದಿನ ಅರ್ಧಕ್ಕಿಂತ ಹೆಚ್ಚು ಕೂದಲನ್ನು ಕೀಳದೆ ಚರ್ಮದ ಮಟ್ಟದಲ್ಲಿ ಮುರಿಯುತ್ತಿದ್ದೆ. ಮುರಿದ ಕೂದಲು ನಾಲ್ಕೈದು ದಿನಕ್ಕೆ ತಲೆ ಎತ್ತಿತು. ಅದು ರೇಜರಿನ ಕೆಲಸಕ್ಕಿಂತ ಬೇರೆ ಏನೂ ಆಗಿರಲಿಲ್ಲ.

ತಪ್ಪು ವ್ಯಾಕ್ಸಿನದು ಎಂದುಕೊಂಡೆ. ಬೆಂಗಳೂರಿಗೆ ಹೋದವರ ಕೈಯಲ್ಲಿ ದುಬಾರಿ ಡಬ್ಬಿಗಳನ್ನು ತರಿಸಿದೆ. ಒಂದೊಂದಕ್ಕೆ ಸಾವಿರ ರೂಪಾಯಿಯ ಮೇಲೆ, ಒಟ್ಟು ಆರು. ಮತ್ತೆ ಪಟ್ಟಿ ಎಣಿಸಿದೆ. ಐವತ್ತಕ್ಕೆ ಇಪ್ಪತ್ತೈದು! ಆರು ಸಾವಿರ ಸುರಿದು ಐದು ಕೂದಲು ಗಳಿಸಿದಂತಾಯಿತು. ತಪ್ಪು ನನ್ನ ಕೈಯದು ಎಂದು ಒಪ್ಪಿಕೊಳ್ಳಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು.

ನಾನು ಪಟ್ಟಿಯನ್ನು ಮೇಲಕ್ಕೆ, ಆಕಾಶದ ಕಡೆಗೆ ಎಳೆಯುತ್ತಿದ್ದೆ. ನಮ್ಮಲ್ಲಿ ಬಹಳ ಜನ ಹಾಗೆಯೇ ಎಳೆಯುತ್ತಾರೆ, ನೋಡುವುದಕ್ಕೆ ಚುರುಕಾಗಿ ಕಾಣುತ್ತದೆ. ಹಾಗೆ ಎಳೆದಾಗ ಕೂದಲು ಚರ್ಮದ ಬಾಯಲ್ಲೇ ಮಡಚಿಕೊಂಡು ತುಂಡಾಗುತ್ತದೆ. ಪಟ್ಟಿ ಚರ್ಮಕ್ಕೆ ಒರಗಿದಂತೆ, ಕೂದಲು ವಾಲಿದ ದಿಕ್ಕಿಗೆ ಎದುರಾಗಿ ಹೋಗಬೇಕು. ಇನ್ನೊಂದು ಕೈ ಚರ್ಮವನ್ನು ತಬಲೆಯ ತೊಗಲಿನಂತೆ ಬಿಗಿ ಹಿಡಿದಿರಬೇಕು. ಕಾಲಿನ ಹೊರಬದಿಯಲ್ಲಿ ಕೂದಲು ಹಿಂದಕ್ಕೆ ವಾಲಿರುತ್ತದೆ, ಮೊಣಕಾಲಿನ ಮೇಲೆ ಸುತ್ತಿಕೊಂಡಿರುತ್ತದೆ, ಕಂಕುಳಲ್ಲಿ ಎರಡು ಮೂರು ದಿಕ್ಕು. ಒಂದೇ ಉದ್ದ ಪಟ್ಟಿಯಲ್ಲಿ ಸರ್ರೆಂದು ಎಳೆದರೆ ಅರ್ಧ ಜಾಗದಲ್ಲಿ ಅಡ್ಡ ಎಳೆದಂತೆಯೇ. ಪಟ್ಟಿಯ ಉದ್ದವನ್ನು ಒಂದು ಗೇಣಿಗಿಂತ ಕಡಿಮೆಗೆ ಇಳಿಸಿದೆ. ಎರಡು ಕಾಲಿಗೆ ಮೊದಲು 25 ನಿಮಿಷ ಸಾಕಾಗುತ್ತಿತ್ತು, ಈಗ 45 ಆಗುತ್ತದೆ. ಎಣಿಕೆ ಐವತ್ತಕ್ಕೆ ನಲವತ್ತು ದಾಟಿದೆ. ಮೊಣಕಾಲಿನ ಹತ್ತಿರ ಕಾಲನ್ನು ಯಾವ ಕೋನದಲ್ಲಿ ಮಡಚಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಬಳಿ ಕೆಲಸ ಕಲಿಯುವ ಹುಡುಗಿಯರಿಗೆ ಮಾತ್ರ.

ಇದರ ನಡುವೆ ಸಕ್ಕರೆ ವ್ಯಾಕ್ಸಿನ ಹುಚ್ಚು ಹಿಡಿಯಿತು. ಲಾಕ್‌ಡೌನ್ ಕಾಲ, 2020. ಪಾರ್ಲರ್ ಮುಚ್ಚಿತ್ತು, ಡಬ್ಬಿ ಸಿಗುತ್ತಿರಲಿಲ್ಲ. ಸಕ್ಕರೆ, ನಿಂಬೆರಸ, ನೀರು ಇಷ್ಟೇ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಸಲ ಪಾಕ ಹರಳುಗಟ್ಟಿ ಕಲ್ಲಾಯಿತು. ಎರಡನೆಯ ಸಲ ಸೀದು ಕಹಿಯಾಯಿತು. ಮೂರನೆಯದು ಶರಬತ್ತಿನಂತೆ ನೀರಾಗಿ ಕಾಲಿನಿಂದ ಇಳಿದು ಹೋಯಿತು. ನಾಲ್ಕು ಕೆಜಿ ಸಕ್ಕರೆ ಹಾಳಾದ ಮೇಲೆ ನಮ್ಮ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನಗೆ ಕೊಬ್ಬರಿ ಮಿಠಾಯಿಯ ಪಾಕವೇ ಬರುವುದಿಲ್ಲ, ಇದು ಹೇಗೆ ಬಂದೀತು? ಸರಿ, ಜರುಗು" ಎಂದು ಸೌಟು ಕಿತ್ತುಕೊಂಡರು. ಒಂದೆಳೆ ಪಾಕ ದಾಟಿ, ತಣ್ಣೀರಿನ ಬಟ್ಟಲಿಗೆ ಹನಿ ಬಿಟ್ಟರೆ ಬೆರಳಲ್ಲಿ ಮೆತ್ತನೆಯ ಉಂಡೆಯಾಗಬೇಕು. ಉಂಡೆ ಗಟ್ಟಿಯಾಗುವ ಮುನ್ನ ಒಲೆ ಆರಿಸಬೇಕು. ನಿಂಬೆಯ ಹುಳಿ ಸಾಕಷ್ಟಿದ್ದರೆ ಪಾಕ ಸುಲಭವಾಗಿ ಹರಳುಗಟ್ಟುವುದಿಲ್ಲ ಎಂಬುದನ್ನು ಅವರು ಮಿಠಾಯಿ ಮಾಡಿಯೇ ಕಂಡುಕೊಂಡಿದ್ದರು. ಆ ದಿನ ಬಂದ ಪಾಕ ಜೇನಿನ ಬಣ್ಣದ್ದು. ಅತ್ತೆಯ ಕೈಯ ಹದ ನನಗೆ ಬಂದಿದ್ದು ಇನ್ನೂ ಹತ್ತು ಬಾರಿ ಮಾಡಿದ ಮೇಲೆ.

ನನ್ನ ಕಾಲುಗಳ ಮೇಲೆಯೇ ಪರೀಕ್ಷೆ ಮಾಡಿದೆ. ಎಡಗಾಲಿಗೆ ಡಬ್ಬಿಯದು, ಬಲಗಾಲಿಗೆ ಸಕ್ಕರೆಯದು, ನಾಲ್ಕು ತಿಂಗಳು. ಮೊದಲ ಸುತ್ತಿನಲ್ಲಿ ಸಕ್ಕರೆಯ ಕಾಲು ಐದಾರು ದಿನ ಹೆಚ್ಚು ನಿಂತಿತು. ಕೂಡಲೇ ಗೆದ್ದೆ ಎಂದುಕೊಂಡು ಎಲ್ಲರಿಗೂ ಹೇಳಿಕೊಂಡು ಬಂದೆ. ಮೂರನೆಯ ಸುತ್ತಿಗೆ ಎರಡೂ ಸಮ. ಸಕ್ಕರೆಯನ್ನು ಹೊಸದೆಂದು ನಿಧಾನವಾಗಿ, ಸಣ್ಣ ಸಣ್ಣ ಜಾಗದಲ್ಲಿ ಎಳೆದಿದ್ದೆ, ವ್ಯತ್ಯಾಸ ಬಂದದ್ದು ಅದರಿಂದ. ಎಡಗಾಲಿಗೂ ಅಷ್ಟೇ ಗಮನ ಕೊಟ್ಟಾಗ ಅದೂ ನಿಂತಿತು. ಆದರೂ ಸಕ್ಕರೆಯನ್ನು ಬಿಟ್ಟಿಲ್ಲ. ಚರ್ಮ ಕೆಂಪಾಗುವವರಿಗೆ ಅದು ಒಳ್ಳೆಯದು, ನೀರಿನಲ್ಲಿ ತೊಳೆದು ಹೋಗುತ್ತದೆ, ಒಂದು ಜೋಡಿ ಕಾಲಿಗೆ ಖರ್ಚು 20 ರೂಪಾಯಿ ದಾಟುವುದಿಲ್ಲ. ತೊಂದರೆ ಮಳೆಗಾಲದ್ದು. ಜುಲೈನಲ್ಲಿ ನಮ್ಮೂರಿನ ಗಾಳಿಯೇ ಒದ್ದೆ, ಪಾಕ ತೇವ ಕುಡಿದು ಸೋಲುತ್ತದೆ. ಆಗ ಪಾಕವನ್ನು ಸ್ವಲ್ಪ ಗಟ್ಟಿ ಮಾಡುತ್ತೇನೆ, ಜೊತೆಗೆ ಅಡುಗೆಮನೆಯದೇ ಇನ್ನೊಂದು ವಸ್ತುವನ್ನು ಹಾಕುತ್ತೇನೆ. ಅದರ ಹೆಸರನ್ನು ಅತ್ತೆ ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ.

ಅರಿಸಿನ ಮತ್ತು ಪಪ್ಪಾಯಿ ಕಾಯಿ ಅರೆದು ಹಚ್ಚಿದರೆ ಕೂದಲು ಬರುವುದೇ ನಿಲ್ಲುತ್ತದೆ ಎನ್ನುತ್ತಾರಲ್ಲ, ಅದನ್ನೂ ಒಂದು ಮುಂಗೈಗೆ ಎರಡು ತಿಂಗಳು ಬಿಡದೆ ಹಚ್ಚಿದೆ. ಎರಡು ಟವೆಲು ಹಳದಿಯಾದವು, ಕೂದಲು ಎರಡೂ ಕೈಯಲ್ಲಿ ಒಂದೇ ದಿನ ಬಂತು.

ಕೈ ಸರಿಯಾದ ಮೇಲೂ ಕೆಲವರಿಗೆ ಎರಡೇ ವಾರಕ್ಕೆ ಕೂದಲು ಕಾಣುತ್ತಿತ್ತು. ಇಲ್ಲಿ ನನ್ನ ಕಣ್ಣು ತೆರೆಸಿದ್ದು ಪುಸ್ತಕ. 2021ರಿಂದ ಪ್ರತಿ ಗಿರಾಕಿಯ ಹೆಸರಿನ ಮುಂದೆ ದಿನಾಂಕ, ಕೂದಲಿನ ಉದ್ದ, ಹಿಂದಿನ ಸಲದ ನಂತರ ರೇಜರ್ ಹಾಕಿದ್ದಾರೋ ಇಲ್ಲವೋ ಎಂದು ಬರೆದಿಡುತ್ತಿದ್ದೆ. ವರ್ಷದ ಕೊನೆಗೆ ಪುಟ ತಿರುವಿದರೆ, ಎರಡು ವಾರದವರೆಲ್ಲ ನಡುವೆ ರೇಜರ್ ಹಾಕಿದವರು ಅಥವಾ ಕೂದಲು ಬೆಳೆಯುವ ಮೊದಲೇ ಓಡಿ ಬಂದವರು. ಎಲ್ಲ ಕೂದಲೂ ಒಂದೇ ದಿನ ಹುಟ್ಟುವುದಿಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ಉದುರಲು ಕಾದಿರುತ್ತವೆ, ಇನ್ನು ಕೆಲವು ಆಗಷ್ಟೇ ಚರ್ಮದ ಒಳಗೆ ಹೊರಟಿರುತ್ತವೆ. ಈ ಒಳಗಿನವು ಪಟ್ಟಿಗೆ ಸಿಗುವುದೇ ಇಲ್ಲ. ವಾರದ ನಂತರ ಹೊರಬಂದಾಗ ಗಿರಾಕಿ "ಮತ್ತೆ ಬಂತು" ಎನ್ನುತ್ತಾರೆ. ಅದು ಮತ್ತೆ ಬಂದದ್ದಲ್ಲ, ಮೊದಲ ಬಾರಿ ಬಂದದ್ದು. ರೇಜರ್ ಹಾಕಿದವರಲ್ಲಿ ಕಿತ್ತದ್ದು, ಕತ್ತರಿಸಿದ್ದು ಎಲ್ಲ ಬೆರೆತು ಲೆಕ್ಕವೇ ಕೆಡುತ್ತದೆ.

ಹಾಗಾಗಿ ನಿಯಮ ಮಾಡಿದೆ. ಅಕ್ಕಿಕಾಳಿನಷ್ಟು ಉದ್ದ ಬಾರದೆ ಮುಟ್ಟುವುದಿಲ್ಲ. ಕಾಲಿನ ಕೂದಲು ತಿಂಗಳಿಗೆ ಹೆಚ್ಚುಕಡಿಮೆ 6 ಮಿಲಿಮೀಟರ್ ಬೆಳೆಯುತ್ತದೆ, ಆದ್ದರಿಂದ ಮೊದಲ ಸಲದ ನಂತರ ಎರಡನೆಯ ವಾರದ ಅರೆಬರೆ ಕೂದಲನ್ನು ಸಹಿಸಿಕೊಂಡು ನಾಲ್ಕನೆಯ ವಾರದವರೆಗೆ ಕಾಯಬೇಕು. ರೇಜರ್ ಮುಟ್ಟುವಂತಿಲ್ಲ. ಮೂರು ಸುತ್ತು ಹೀಗೆ ಹಿಡಿದು ನಿಂತವರಿಗೆ ನಾಲ್ಕು ವಾರ ಸಲೀಸಾಗಿ ಬರುತ್ತದೆ, ಕೆಲವರಿಗೆ ಐದು. ಬರುವ ಕೂದಲೂ ತೆಳ್ಳಗೆ ಅನಿಸುತ್ತದೆ, ಏಕೆಂದರೆ ಅದರ ತುದಿ ಚೂಪಾಗಿರುತ್ತದೆ, ರೇಜರಿನದರಂತೆ ಮೊಂಡಲ್ಲ. ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರು ಇರುವ ಹುಡುಗಿಯರಿಗೆ ಗಲ್ಲದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಅವರಿಗೆ ಮೊದಲೇ ಹೇಳಿ, ವೈದ್ಯರನ್ನು ಕಾಣಲು ಕಳುಹಿಸುತ್ತೇನೆ.

ಈ ನಿಯಮ ನನ್ನನ್ನು ಹಣದಲ್ಲಿ ಚೆನ್ನಾಗಿಯೇ ಹೊಡೆಯಿತು. ಆಗ ಖಾಯಂ ಗಿರಾಕಿಗಳು 45ರ ಹತ್ತಿರ, ಹದಿನೆಂಟು ಇಪ್ಪತ್ತು ದಿನಕ್ಕೊಮ್ಮೆ ಬರುತ್ತಿದ್ದರು. ವ್ಯಾಕ್ಸಿಂಗ್ ಒಂದರಿಂದಲೇ ತಿಂಗಳಿಗೆ ಸುಮಾರು 25,000. ಅದು 14,000ಕ್ಕೆ ಇಳಿಯಿತು. ನಾಲ್ಕು ತಿಂಗಳು ಬಾಡಿಗೆಗೆ ಥ್ರೆಡಿಂಗ್ ದುಡ್ಡು ಹೊಂದಿಸಿದೆ, ಒಂದು ತಿಂಗಳು ಬಳೆ ಅಡವಿಟ್ಟೆ. ದುರ್ಗಿಗುಡಿಯ ಹಿರಿಯ ಅಕ್ಕ ಒಬ್ಬರು, "ನೀನು ಚೆನ್ನಾಗಿ ಮಾಡಿದಷ್ಟೂ ಗಿರಾಕಿ ಕಡಿಮೆ ಬರುತ್ತಾರೆ. ಹೊಟ್ಟೆಗೇನು ತಿನ್ನುತ್ತೀಯ?" ಎಂದು ಪ್ರೀತಿಯಿಂದಲೇ ಬೈದರು. ಅವರ ಲೆಕ್ಕ ತಪ್ಪಲ್ಲ. ಆದರೆ ಒಬ್ಬಳ ಕಾಲು ತಿಂಗಳು ನಿಂತರೆ ಅವಳ ಅಕ್ಕ ಬರುತ್ತಾಳೆ, ನಾದಿನಿ ಬರುತ್ತಾಳೆ, ಸ್ಟಾಫ್ ರೂಮಿನ ನಾಲ್ವರು ಬರುತ್ತಾರೆ. ದರವನ್ನು 350ರಿಂದ 420ಕ್ಕೆ ಏರಿಸಿದರೂ ಯಾರೂ ತಕರಾರು ಮಾಡಲಿಲ್ಲ. ರೇಜರ್ ಹಾಕದೆ ಮೂರು ಸುತ್ತು ಮುಗಿಸಿದವರಿಗೆ ನಾಲ್ಕನೆಯದು ಅರ್ಧ ಬೆಲೆಗೆ ಎಂದೆ. ಸುಳ್ಳು ಹೇಳಿದರೂ ಮೊಂಡು ತುದಿ ಭೂತಗನ್ನಡಿಯಲ್ಲಿ ಕಂಡುಬಿಡುತ್ತದೆ. 2023ರ ದೀಪಾವಳಿಯ ಹೊತ್ತಿಗೆ ತಿಂಗಳಿಗೆ 38,000ದ ಆಸುಪಾಸು ಬಂತು. ಬಳೆ ವಾಪಸ್ ಬಂದಿತು. ಹೋದ ವರ್ಷ ಅದೇ ದುರ್ಗಿಗುಡಿಯ ಅಕ್ಕ ತಮ್ಮ ಸೊಸೆಯನ್ನು ಕೆಲಸ ಕಲಿಯಲು ನನ್ನ ಬಳಿಗೆ ಕಳುಹಿಸಿದರು.

ಒಂದು ತಪ್ಪನ್ನು ಮಾತ್ರ ಮುಚ್ಚಿಡಲಾರೆ. ಮೊಡವೆಗೆ ಐಸೊಟ್ರೆಟಿನೋಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕಾಲೇಜು ಹುಡುಗಿಗೆ ಕೇಳದೆ ಮೇಲ್ದುಟಿ ಮಾಡಿದೆ. ಪಟ್ಟಿಯ ಜೊತೆ ಚರ್ಮವೇ ಎದ್ದು ಬಂತು. ಆ ಮಾತ್ರೆ ಚರ್ಮವನ್ನು ತೆಳುಮಾಡುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ವ್ಯಾಕ್ಸ್ ಕೂಡದು ಎಂದು ಚರ್ಮದ ವೈದ್ಯರಿಂದ ಬೈಸಿಕೊಂಡೇ ಕಲಿತೆ. ಅವಳ ಚಿಕಿತ್ಸೆಯ ಖರ್ಚು ನಾನೇ ಕೊಟ್ಟೆ. ಅಂದಿನಿಂದ ಮುಖಕ್ಕೆ ಕೈ ಹಾಕುವ ಮೊದಲು ಯಾವ ಮಾತ್ರೆ, ಯಾವ ಕ್ರೀಮು, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ ಪುಸ್ತಕದಲ್ಲಿ ಬರೆದ ಮೇಲೆಯೇ ಹೀಟರ್ ಹಾಕುವುದು.

ಚರ್ಮದ ಒಳಗೇ ಸುರುಳಿಯಾಗುವ ಕೂದಲಿಗೆ ಮೂರನೆಯ ದಿನದಿಂದ ಹೀರೇಕಾಯಿಯ ನಾರಿನಲ್ಲಿ ವಾರಕ್ಕೆರಡು ಸಲ ಹಗುರವಾಗಿ ಉಜ್ಜಿಕೊಳ್ಳಲು ಹೇಳುತ್ತೇನೆ. ಮೊದಲ ಎರಡು ದಿನ ಬಿಸಿನೀರೂ ಬೇಡ, ಎಣ್ಣೆಸ್ನಾನವೂ ಬೇಡ. ನಮ್ಮ ಕಡೆ ಎಣ್ಣೆಸ್ನಾನ ಮುಗಿಸಿ ನೇರವಾಗಿ ಪಾರ್ಲರಿಗೆ ಬರುವವರೂ ಇದ್ದಾರೆ. ಎಣ್ಣೆಯ ಮೇಲೆ ಪಟ್ಟಿಯ ವ್ಯಾಕ್ಸ್ ಹಿಡಿಯುವುದಿಲ್ಲ, ಅವರನ್ನು ಮರುದಿನ ಬರಲು ಹೇಳುತ್ತೇನೆ.

ಕಂಕುಳು ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಪಟ್ಟಿಯಿಲ್ಲದೆ, ಗಟ್ಟಿಯಾದ ಮೇಲೆ ಅದನ್ನೇ ಹಿಡಿದು ಎಳೆಯುವ ಕಟೋರಿ ವ್ಯಾಕ್ಸ್ ಹಾಕಿದರೂ ಎರಡೂವರೆ ವಾರ, ತೀರಾ ಅದೃಷ್ಟವಿದ್ದರೆ ಮೂರು. ಆಷಾಢದಲ್ಲಿ ಮದುವೆಗಳಿಲ್ಲ, ಗಿರಾಕಿಗಳೂ ಕಡಿಮೆ. ಈ ಸಲ ಆ ಬಿಡುವಿನಲ್ಲಿ ಒಂದು ಕಂಕುಳಿಗೆ ಕಟೋರಿ, ಇನ್ನೊಂದಕ್ಕೆ ಸಕ್ಕರೆ ಎಂದು ಆರು ಜನರನ್ನು ಒಪ್ಪಿಸಿದ್ದೇನೆ. ಆರೂ ಜನರಿಗೆ ಮೂರು ಸುತ್ತು ಉಚಿತ. ಪುಸ್ತಕದಲ್ಲಿ ಹೊಸ ಪುಟಕ್ಕೆ ಗೆರೆ ಹಾಕಿಟ್ಟಾಗಿದೆ, ಅತ್ತೆ ಸಕ್ಕರೆ ತರಿಸಿದ್ದಾರೆ.