ಸೇತುವೆ ಇದ್ದಲ್ಲಿ ಊಟ, ಸೇತುವೆ ಇದ್ದಲ್ಲಿ ನಿದ್ದೆ: ಥೇಮ್ಸ್ ದಂಡೆಯಲ್ಲಿ ನಮ್ಮ ನಡಿಗೆ

ಥೇಮ್ಸ್ ದಂಡೆಯಲ್ಲಿ ನಡೆಯಬೇಕು ಅಂತ ಹೊರಡುವವರಿಗೆ ನಾನು ಹೇಳುವುದು ಇಷ್ಟೇ. ದಿನಕ್ಕೆ ಎಷ್ಟು ಮೈಲಿ ನಡೆಯಬಲ್ಲೆ ಅನ್ನುವ ಲೆಕ್ಕ ಆಮೇಲೆ ಇರಲಿ. ರಾತ್ರಿ ಎಲ್ಲಿ ಮಲಗುವುದು ಅಂತ ಮೊದಲು ನೋಡಿ. ನದಿಯ ಮೇಲಿನ ಭಾಗದಲ್ಲಂತೂ ಹಾಸಿಗೆ ಎಲ್ಲಿ ಸಿಗುತ್ತದೋ ಅದೇ ನಿಮ್ಮ ದಿನದ ನಡಿಗೆಯನ್ನು ತೀರ್ಮಾನಿಸುತ್ತದೆ.

ಇದಕ್ಕೆ ಕಾರಣ ನದಿಯೇ. ಮೇಲಿನ ಥೇಮ್ಸ್ ಎರಡೂ ಕಡೆ ತಗ್ಗು ಹುಲ್ಲುಗಾವಲು. ಚಳಿಗಾಲದಲ್ಲಿ ಅದೆಲ್ಲ ನೀರಿನಡಿ ಹೋಗುತ್ತದೆ. ಹಾಗಾಗಿ ಹಳೆಯ ಕಾಲದ ಜನ ಊರುಗಳನ್ನು ದಂಡೆಯಿಂದ ದೂರ, ಸ್ವಲ್ಪ ಎತ್ತರದಲ್ಲಿ ಕಟ್ಟಿಕೊಂಡರು. ದಂಡೆಯ ಹತ್ತಿರ ಉಳಿದದ್ದು ಸೇತುವೆಗಳು, ಸೇತುವೆಯ ಪಕ್ಕ ಒಂದು ಪಬ್. ಊಟ ಅಲ್ಲೇ, ಅದೃಷ್ಟ ಇದ್ದರೆ ಮಲಗಲು ಮಹಡಿಯ ಮೇಲೆ ಒಂದು ಕೋಣೆ. ಎರಡು ಸೇತುವೆಗಳ ನಡುವೆ ಏನೂ ಇಲ್ಲ.

ಇಡೀ ಥೇಮ್ಸ್ ಪಾತ್ ಸುಮಾರು 185 ಮೈಲಿ ಉದ್ದ. ಗ್ಲಾಸ್ಟರ್‌ಶೈರ್‌ನ ಒಂದು ಹೊಲದಿಂದ ಲಂಡನ್ನಿನ ವುಲಿಚ್‌ವರೆಗೆ. 1996ರಲ್ಲಿ ಇದು ರಾಷ್ಟ್ರೀಯ ಕಾಲುಹಾದಿಯಾಗಿ ತೆರೆಯಿತು. ನಾನೂ ನನ್ನ ಹೆಂಡತಿಯೂ ನಡೆದದ್ದು ಮೂಲದಿಂದ ಆಕ್ಸ್‌ಫರ್ಡ್‌ವರೆಗೆ, ಸುಮಾರು 53 ಮೈಲಿ. ಇಬ್ಬರಿಗೂ ಅರವತ್ತು ದಾಟಿದೆ, ನನ್ನ ಎಡ ಮಂಡಿ ಆಗಾಗ ತಕರಾರು ತೆಗೆಯುತ್ತದೆ. ಆದರೆ ಈ ದಾರಿಯಲ್ಲಿ ಏರು ಅನ್ನುವುದೇ ಇಲ್ಲ. ದಿನಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ನಡೆಯುವ ಅಭ್ಯಾಸ ಮಾಡಿಕೊಂಡರೆ ಸಾಕು.

ಹೀಗೆ ನಡೆಯುವವರಿಗೆ ಕೋಣೆ ಕಾದಿರಿಸಿ, ಬ್ಯಾಗು ಸಾಗಿಸಿ, ನಕ್ಷೆ ಕೈಗೆ ಕೊಡುವ ಕಂಪನಿಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ನಾವು ಅವರ ಹತ್ತಿರ ಹೋಗಲಿಲ್ಲ. ಮಗಳು ರೀಡಿಂಗ್‌ನಲ್ಲಿದ್ದಾಳೆ, ದೊಡ್ಡ ಸೂಟ್‌ಕೇಸ್‌ಗಳನ್ನು ಅವಳ ಮನೆಯಲ್ಲಿ ಬಿಟ್ಟು ತಲಾ ಒಂದು ಬೆನ್ನುಚೀಲ ಹಾಕಿಕೊಂಡೆವು. ಚೀಲ ಐದಾರು ಕಿಲೋ ದಾಟದಿದ್ದರೆ ಸಾಗಿಸುವವರ ಅಗತ್ಯ ಬರುವುದಿಲ್ಲ. ನಾವು ಉಳಿದದ್ದು ಕ್ರಿಕ್‌ಲೇಡ್, ಲೆಚ್‌ಲೇಡ್, ಟಾಡ್‌ಪೋಲ್ ಸೇತುವೆ, ಕೊನೆಗೆ ಐನ್‌ಶಮ್. ಪುಸ್ತಕಗಳು ಸಾಮಾನ್ಯವಾಗಿ ಲೆಚ್‌ಲೇಡ್‌ನಿಂದ ನ್ಯೂಬ್ರಿಜ್‌ವರೆಗಿನ 16 ಮೈಲಿಯನ್ನು ಒಂದೇ ದಿನಕ್ಕೆ ಬರೆಯುತ್ತವೆ. ಅದನ್ನು ಟಾಡ್‌ಪೋಲ್‌ನಲ್ಲಿ ಮುರಿದರೆ ನಮ್ಮಂಥವರಿಗೆ ಹಿತ. ಅಲ್ಲಿ ಕೋಣೆಗಳು ಬೆರಳೆಣಿಕೆಯಷ್ಟು, ಹಾಗಾಗಿ ಮೊದಲು ಅಲ್ಲಿ ಕಾದಿರಿಸಿ, ಆ ತಾರೀಖಿನಿಂದ ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕಿದೆವು.

ವಾರದ ದಿನವೂ ಮುಖ್ಯ. ಶನಿವಾರ ಮದುವೆ ಪಾರ್ಟಿಗಳು ಪಬ್‌ಗಳ ಕೋಣೆಗಳನ್ನು ತುಂಬಿಕೊಳ್ಳುತ್ತವೆ. ಕೆಲವರು ಎರಡು ರಾತ್ರಿಗಿಂತ ಕಡಿಮೆಗೆ ಕೋಣೆ ಕೊಡುವುದೇ ಇಲ್ಲ. ಭಾನುವಾರ ಮಧ್ಯಾಹ್ನದ ರೋಸ್ಟ್ ಊಟ ಮುಗಿದರೆ ಎಷ್ಟೋ ಕಡೆ ಅಡುಗೆಮನೆ ಬಾಗಿಲು ಹಾಕಿತು ಅಂತಲೇ ಅರ್ಥ. ಹಾಗಾಗಿ ಸೋಮವಾರ ಹೊರಟು ವಾರಾಂತ್ಯದೊಳಗೆ ಮುಗಿಸುವುದು ಒಳ್ಳೆಯದು. ನಾವು ಹೋದದ್ದು ಏಪ್ರಿಲ್ ಕೊನೆಯಲ್ಲಿ. ಆಗ ಸಂಜೆ ಎಂಟರವರೆಗೂ ಬೆಳಕಿರುತ್ತದೆ. ಏಪ್ರಿಲ್ಲೇ ಬೇಕು ಅಂತ ಹಟ ಹಿಡಿಯಲು ಇನ್ನೊಂದು ಕಾರಣ ಕ್ರಿಕ್‌ಲೇಡ್‌ನಲ್ಲಿದೆ, ಅದಕ್ಕೆ ಬರುತ್ತೇನೆ.

ರೀಡಿಂಗ್‌ನಿಂದ ಕೆಂಬಲ್‌ಗೆ ನೇರ ರೈಲು ಇದೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬರುವವರಿಗೂ ಅದೇ ರೈಲು. ಇಬ್ಬರು ಜೊತೆಯಲ್ಲಿ ಓಡಾಡುವುದಾದರೆ ಟೂ ಟುಗೆದರ್ ರೈಲ್‌ಕಾರ್ಡ್ ಮಾಡಿಸಿ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ ಮಾತ್ರ ಅದು ನಡೆಯುವುದಿಲ್ಲ.

ಕೆಂಬಲ್ ಸ್ಟೇಷನ್‌ನಿಂದ ನದಿಯ ಮೂಲ ಒಂದೂವರೆ ಮೈಲಿ. ತಲಕಾವೇರಿಯಂಥ ಜಾಗ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆ ಗ್ಯಾರಂಟಿ. ಒಂದು ಹೊಲ, ಒಂದು ಮರ, ಮರದಡಿ ಕೆತ್ತನೆ ಸವೆದ ಒಂದು ಕಲ್ಲು. ಥೇಮ್ಸ್ ಇಲ್ಲಿ ಹುಟ್ಟುತ್ತದೆ ಅಂತ ಆ ಕಲ್ಲು ಹೇಳುತ್ತದೆ, ನೀರು ಮಾತ್ರ ಕಾಣುವುದಿಲ್ಲ. ವರ್ಷದ ಬಹುಪಾಲು ಅಲ್ಲಿ ಒಣ ಹುಲ್ಲೇ. ನಮಗೆ ನೀರು ಕಂಡದ್ದು ಹಳೆಯ ರೋಮನ್ ರಸ್ತೆ ದಾಟಿದ ಮೇಲೆ. 2022ರ ಬರದಲ್ಲಿ ನದಿ ಶುರುವಾಗುವ ಜಾಗ ಐದು ಮೈಲಿ ಕೆಳಕ್ಕೆ ಸರಿದಿತ್ತು. ಇದೇ ನಿಜವಾದ ಮೂಲವೇ ಅನ್ನುವ ಜಗಳವೂ ಇದೆ. ಚೆಲ್ಟನಮ್ ಹತ್ತಿರ ಹುಟ್ಟುವ ಚರ್ನ್ ಅನ್ನುವ ಉಪನದಿ ಇದಕ್ಕಿಂತ ದೂರದಿಂದ ಬರುತ್ತದೆ. ಮೂಲ ನೋಡಿ ಮತ್ತೆ ಕೆಂಬಲ್ ಪಕ್ಕದಿಂದಲೇ ಹಾದುಹೋಗಬೇಕು. ಸಮಯ ಕಡಿಮೆ ಇದ್ದವರು ಮೂಲವನ್ನು ಬಿಟ್ಟರೂ ನಷ್ಟವಿಲ್ಲ, ಆದರೆ ಯಾರೂ ಬಿಡುವುದಿಲ್ಲ, ನಾವೂ ಬಿಡಲಿಲ್ಲ.

ದಾರಿ ಹುಡುಕುವುದು ಕಷ್ಟವಲ್ಲ. ಕಂಬಗಳ ಮೇಲೆ ಓಕ್ ಕಾಯಿಯ ಗುರುತು ಇರುತ್ತದೆ, ಅದು ರಾಷ್ಟ್ರೀಯ ಹಾದಿಯ ಚಿಹ್ನೆ. ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ, ನೀಲಿ ಇದ್ದರೆ ಕುದುರೆಗೂ ಸೈಕಲ್‌ಗೂ ದಾರಿ. ದಾರಿ ಎಷ್ಟೋ ಕಡೆ ಖಾಸಗಿ ಹೊಲದ ನಟ್ಟನಡುವೆ ಹೋಗುತ್ತದೆ. ಮೊದಮೊದಲು ಯಾರದೋ ಜಮೀನಿಗೆ ನುಗ್ಗಿದ ಹಾಗೆ ಮುಜುಗರ ಆಗುತ್ತಿತ್ತು. ಆದರೆ ಅಲ್ಲಿ ನಡೆಯುವುದು ಕಾನೂನು ಕೊಟ್ಟ ಹಕ್ಕು, ಹೊಲದ ಮಾಲೀಕನೂ ತಡೆಯುವಂತಿಲ್ಲ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಮುಂದೆ ಹೋಗಬೇಕು ಅಷ್ಟೇ. ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ಬಣ್ಣದ ಎಕ್ಸ್‌ಪ್ಲೋರರ್ ನಕ್ಷೆ ಕೊಂಡರೆ ಅದರೊಳಗಿನ ಕೋಡ್‌ನಿಂದ ಅದೇ ನಕ್ಷೆ ಫೋನಿಗೂ ಬರುತ್ತದೆ. ಮನೆಯಲ್ಲೇ ಇಳಿಸಿಕೊಳ್ಳಿ, ಹೊಲದ ಮಧ್ಯೆ ಸಿಗ್ನಲ್ ನಂಬಬೇಡಿ.

ದನಗಳ ವಿಷಯ ಹೇಳಲೇಬೇಕು. ದನ ನಮಗೇನು ಹೊಸದಾ ಅನ್ನಬೇಡಿ. ಅಲ್ಲಿಯ ಎಳೆಯ ಹೋರಿಗಳ ಹಿಂಡು ಸುಮ್ನೆ ಕುತೂಹಲಕ್ಕೆ ಹಿಂದೆಯೇ ಬರುತ್ತದೆ, ಕೆಲವು ಓಡಿಯೂ ಬರುತ್ತವೆ. ನಾವು ಓಡಬಾರದು. ತಿರುಗಿ ನಿಂತು ಕೈ ಅಗಲಿಸಿದರೆ ನಿಲ್ಲುತ್ತವೆ. ಕರು ಇರುವ ಹಸುಗಳಾದರೆ ದೂರದಿಂದ ಬಳಸಿಕೊಂಡು ಹೋಗುವುದೇ ಕ್ಷೇಮ. ನನ್ನ ಹೆಂಡತಿ ಹಾಸನದ ಕಡೆಯವಳು, ಅವಳು ಗದರಿದ ಕನ್ನಡಕ್ಕೆ ಒಂದು ಹಿಂಡು ಚೆನ್ನಾಗಿಯೇ ಬೆಲೆ ಕೊಟ್ಟಿತು. ಅದಕ್ಕಿಂತ ನಮ್ಮನ್ನು ಕಾಡಿದ್ದು ಹಂಸ. ಏಪ್ರಿಲ್‌ನಲ್ಲಿ ಅವು ದಂಡೆಯಲ್ಲೇ ಗೂಡು ಕಟ್ಟಿ ಕೂತಿರುತ್ತವೆ. ಹತ್ತಿರ ಹೋದರೆ ಕತ್ತು ಚಾಚಿ ಬುಸುಗುಡುತ್ತವೆ. ಹಾಲು ನೀರು ಬೇರೆ ಮಾಡುವ ಪುರಾಣದ ಹಂಸಕ್ಕೆ ಈ ಸಿಟ್ಟು ಇದ್ದಂತೆ ಕಾಣೆ.

ಕ್ರಿಕ್‌ಲೇಡ್ ಸೇರುವ ಮುಂಚೆ ನಾರ್ತ್ ಮೆಡೋ ಸಿಗುತ್ತದೆ. ಏಪ್ರಿಲ್ ಆಗಬೇಕು ಅಂದದ್ದು ಇದಕ್ಕೇ. ಸ್ನೇಕ್ಸ್ ಹೆಡ್ ಫ್ರಿಟಿಲರಿ ಅನ್ನುವ ಹೂವು, ತಲೆ ಕೆಳಗೆ ಹಾಕಿಕೊಂಡ ಪುಟ್ಟ ಗಂಟೆ. ನೇರಳೆ ಬಣ್ಣದ ಮೇಲೆ ತೆಳು ಚೌಕಳಿ, ಅಲ್ಲಲ್ಲಿ ಪೂರ್ತಿ ಬಿಳಿ. ಬ್ರಿಟನ್ನಿನಲ್ಲಿ ತಾನಾಗಿ ಬೆಳೆಯುವ ಈ ಹೂವಿನಲ್ಲಿ ಶೇಕಡಾ 80ರಷ್ಟು ಈ ಒಂದು ಹುಲ್ಲುಗಾವಲಿನಲ್ಲೇ ಇದೆ ಅನ್ನುತ್ತಾರೆ. ಅದು ಉಳಿದದ್ದು ಬೇಲಿ ಹಾಕಿ ಕಾದದ್ದರಿಂದಲ್ಲ, ಹಳೆಯ ಕಟ್ಟಳೆಯಿಂದ. ಹೂವು ಬೀಜ ಉದುರಿಸಿದ ಮೇಲೆ ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಾರೆ. ಆಗಸ್ಟ್ 12ರಿಂದ ಫೆಬ್ರವರಿ 12ರವರೆಗೆ ಊರಿನವರು ಒಟ್ಟಾಗಿ ದನ ಕುದುರೆ ಮೇಯಿಸುತ್ತಾರೆ. ಚಳಿಗಾಲದ ಪ್ರವಾಹ ತಂದ ಹೂಳೇ ಗೊಬ್ಬರ. ಉತ್ತು ಬಿತ್ತಿದ್ದರೆ ಈ ಹೂವು ಎಂದೋ ಹೋಗಿರುತ್ತಿತ್ತು. ಬಾಗಿ ಫೋಟೊ ತೆಗೆಯುತ್ತ ಒಂದು ಗಂಟೆ ಅಲ್ಲೇ ಕಳೆದೆವು, ಮಂಡಿ ಮರೆತೇ ಹೋಗಿತ್ತು.

ಕ್ರಿಕ್‌ಲೇಡ್‌ನಿಂದ ಲೆಚ್‌ಲೇಡ್‌ವರೆಗಿನ ದಾರಿಯ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ನದಿ ಆಗಾಗ ಕಣ್ಣು ತಪ್ಪಿಸುತ್ತದೆ, ಹೊಲಗಳೇ ಹೊಲಗಳು. ಆದರೆ ಕೊನೆಯಲ್ಲಿ ಇಂಗಲ್‌ಶಮ್ ಅನ್ನುವ ನಾಲ್ಕು ಮನೆಯ ಊರಿನಲ್ಲಿ ಒಂದು ಪುಟ್ಟ ಚರ್ಚು ಇದೆ. ಅದನ್ನು ತಪ್ಪಿಸಬೇಡಿ. ಗೋಡೆಗಳ ಮೇಲೆ ಶತಮಾನಗಳ ಚಿತ್ರ, ಬರಹ ಒಂದರ ಮೇಲೊಂದು. ಮೇಲಿನ ಪದರ ಉದುರಿದ ಕಡೆ ಕೆಳಗಿನದು ಇಣುಕುತ್ತದೆ. 19ನೇ ಶತಮಾನದಲ್ಲಿ ಹಳೆಯ ಚರ್ಚುಗಳನ್ನು ಕೆರೆದು, ಒರೆಸಿ, ಹೊಸದಾಗಿಸುವ ಹುಚ್ಚು ಇಂಗ್ಲೆಂಡಿಗೆಲ್ಲ ಹಿಡಿದಿತ್ತು. ಅದನ್ನು ತಡೆಯಲು ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘವನ್ನೇ ಕಟ್ಟಿದ. ಹಾಳಾಗದಂತೆ ರಿಪೇರಿ ಮಾಡಿ, ಹೊಸದು ಮಾಡಬೇಡಿ ಅನ್ನುವುದು ಅವನ ವಾದ. ಇಂಗಲ್‌ಶಮ್ ಉಳಿದದ್ದು ಅವನಿಂದ. ನಮ್ಮ ದೇವಸ್ಥಾನದ ಕಲ್ಲಿಗೆಲ್ಲ ಬಣ್ಣ ಬಳಿಯುವವರನ್ನು ಇಲ್ಲಿಗೆ ಒಮ್ಮೆ ಕರೆತರಬೇಕು ಅನ್ನಿಸಿತು.

ಅದೇ ಮಾರಿಸ್‌ನ ಮನೆ ಮರುದಿನದ ದಾರಿಯಲ್ಲಿ ಕೆಲ್ಮ್‌ಸ್ಕಾಟ್‌ನಲ್ಲಿದೆ. 1871ರಲ್ಲಿ ಅವನು ಬಾಡಿಗೆಗೆ ಹಿಡಿದ ಮನೆ. ವಾರದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತದೆ, ಟಾಡ್‌ಪೋಲ್‌ನ ಕೋಣೆ ಸಿಕ್ಕ ತಾರೀಖಿಗೆ ಅದು ಹೊಂದಲಿಲ್ಲ. ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ನೋಡಿ ಮುಂದೆ ಹೋದೆವು.

ಲೆಚ್‌ಲೇಡ್‌ನಿಂದ ನದಿಗೆ ದೋಣಿ ಹೊರುವ ಶಕ್ತಿ ಬರುತ್ತದೆ. ಸೇಂಟ್ ಜಾನ್ಸ್ ಲಾಕ್ ಥೇಮ್ಸ್‌ನ ಮೊದಲ ಲಾಕ್, ಅಂದರೆ ನೀರಿನ ಮಟ್ಟ ಬದಲಿಸಿ ದೋಣಿಗಳನ್ನು ಏರಿಸಿ ಇಳಿಸುವ ಬಾಗಿಲುಗಳ ಕಟ್ಟೆ. ಅಲ್ಲಿ ಸಲಿಕೆ ಹಿಡಿದು ಒರಗಿರುವ ಗಡ್ಡದ ಮುದುಕ, ಫಾದರ್ ಥೇಮ್ಸ್. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ಮಾಡಿದ ಪ್ರತಿಮೆ, ಆಮೇಲೆ ಮೂಲದ ಹೊಲದಲ್ಲಿತ್ತು, 1974ರಲ್ಲಿ ಇಲ್ಲಿಗೆ ಬಂತು. ಇಲ್ಲಿಂದ ಮುಂದಿನ ಲಾಕ್‌ಗಳಲ್ಲಿ ಬಾಗಿಲನ್ನು ಮರದ ತೊಲೆಗೆ ಬೆನ್ನು ಕೊಟ್ಟು ಕೈಯಲ್ಲೇ ತೆರೆಯುತ್ತಾರೆ. ದೋಣಿಯವರಿಗೆ ಒಂದೆರಡು ಸಲ ನಾವೂ ಬೆನ್ನು ಕೊಟ್ಟೆವು. ದಾರಿಯುದ್ದಕ್ಕೂ ಕಾಂಕ್ರೀಟಿನ ಗೂಡುಗಳು ಕಾಣುತ್ತವೆ. 1940ರಲ್ಲಿ ಜರ್ಮನ್ನರು ಇಳಿದರೆ ನದಿಯನ್ನೇ ಅಡ್ಡಗೋಡೆ ಮಾಡಿ ತಡೆಯಬೇಕು ಅಂತ ಕಟ್ಟಿದ್ದು. ಮಳೆ ಬಂದಾಗ ಅದರ ಮರೆ ನಮಗೆ ಉಪಯೋಗಕ್ಕೆ ಬಂತು.

ಊಟದ ಮಾತು. ಪಬ್ ಅಡುಗೆಮನೆಗಳಿಗೆ ಗಡಿಯಾರವೇ ದೇವರು. ಮಧ್ಯಾಹ್ನ ಹನ್ನೆರಡರಿಂದ ಎರಡು, ಎರಡೂವರೆ. ರಾತ್ರಿ ಆರರಿಂದ ಒಂಬತ್ತು. ಒಂದು ಕಡೆ ಎರಡಕ್ಕೆ ಐದು ನಿಮಿಷ ಇರುವಾಗಲೇ ಸ್ಟವ್ ಆರಿಸಿಯಾಯಿತು ಅಂದುಬಿಟ್ಟರು. ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ, ಆದರೆ ಬೇಯಿಸಿದ ಆಲೂಗಡ್ಡೆ ಮೇಲೆ ಬೀನ್ಸ್, ಅಣಬೆ ರಿಸೊಟೊ, ಮತ್ತೆ ಆಲೂಗಡ್ಡೆ. ನಮ್ಮನ್ನು ಕಾಪಾಡಿದ್ದು ಕೋಣೆಯ ಕೆಟಲ್. ಇಂಗ್ಲೆಂಡಿನಲ್ಲಿ ಎಂಥ ಸಣ್ಣ ಕೋಣೆಯಲ್ಲೂ ಕೆಟಲ್ ಇರುತ್ತದೆ, ಅಲ್ವಾ? ಮನೆಯಿಂದ ಗೊಜ್ಜವಲಕ್ಕಿ ಪುಡಿ ಮಾಡಿಸಿ ತಂದಿದ್ದೆವು. ಕುದಿನೀರು ಹಾಕಿ ಮುಚ್ಚಿಟ್ಟರೆ ಹತ್ತು ನಿಮಿಷಕ್ಕೆ ಊಟ. ಹಗಲಿಗೆ ಬ್ರೆಡ್, ಬೆಣ್ಣೆ, ಚಟ್ನಿಪುಡಿ.

ಬಟ್ಟೆಯ ಬಗ್ಗೆ ಒಂದೇ ಮಾತು: ಜೀನ್ಸ್ ಬೇಡ. ನೆನೆದರೆ ಒಣಗುವುದಿಲ್ಲ. ತುರಿಕೆ ಸೊಪ್ಪು ಅಲ್ಲೂ ದಂಡೆಯುದ್ದಕ್ಕೂ ಇದೆ, ಜೂನ್‌ನಲ್ಲಿ ಸೊಂಟದೆತ್ತರ ಬರುತ್ತದೆ, ಹಾಗಾಗಿ ಚಡ್ಡಿಯೂ ಬೇಡ.

ನ್ಯೂಬ್ರಿಜ್‌ನಲ್ಲಿ 13ನೇ ಶತಮಾನದ ಕಲ್ಲಿನ ಸೇತುವೆ, ಅದರ ಎರಡು ತುದಿಗೂ ಒಂದೊಂದು ಪಬ್. ಅಲ್ಲಿ ವಿಂಡ್‌ರಶ್ ಅನ್ನುವ ಹೊಳೆ ಥೇಮ್ಸ್ ಸೇರುತ್ತದೆ. 1948ರಲ್ಲಿ ಕೆರಿಬಿಯನ್ ದ್ವೀಪಗಳಿಂದ ಜನರನ್ನು ಕರೆತಂದ ಹಡಗಿಗೆ ಈ ಹೊಳೆಯ ಹೆಸರೇ ಇತ್ತು. ಆ ಹಡಗು ಬಂದು ನಿಂತ ಟಿಲ್ಬರಿ ಇದೇ ಥೇಮ್ಸ್‌ನ ಕೆಳತುದಿಯಲ್ಲಿದೆ.

ಐನ್‌ಶಮ್ ಹತ್ತಿರದ ಸ್ವಿನ್‌ಫರ್ಡ್ ಸೇತುವೆ 1769ರಲ್ಲಿ ತೆರೆದದ್ದು, ಈಗಲೂ ಖಾಸಗಿ ಆಸ್ತಿ. ಕಾರಿಗೆ ಐದು ಪೆನ್ಸ್ ಸುಂಕ. ಆ ಕಾಲದ ಕಾನೂನಿನ ಪ್ರಕಾರ ಆ ಹಣಕ್ಕೆ ತೆರಿಗೆಯೂ ಇಲ್ಲ. 2009ರಲ್ಲಿ ಹರಾಜಿಗೆ ಬಂದಾಗ ಹತ್ತು ಲಕ್ಷ ಪೌಂಡಿಗಿಂತ ಜಾಸ್ತಿಗೆ ಹೋಯಿತು. ಐದೈದು ಪೆನ್ಸ್ ಕೊಡಲು ಕಾರುಗಳು ಸಾಲುಗಟ್ಟಿ ನಿಂತಿದ್ದವು. ನಡೆಯುವವರಿಗೆ ಪುಕ್ಕಟೆ, ನಾವು ಗತ್ತಿನಿಂದ ದಾಟಿ ಐನ್‌ಶಮ್ ಊರೊಳಗೆ ಹೋದೆವು.

ಕೊನೆಯ ತುಂಡು ಸಣ್ಣದು, ಏಳು ಮೈಲಿ. ಗಾಡ್‌ಸ್ಟೋ ಮಠದ ಮುರಿದ ಗೋಡೆ ದಾಟಿದರೆ ನದಿಯ ಆಚೆ ದಂಡೆಯಲ್ಲಿ ಪೋರ್ಟ್ ಮೆಡೋ, 1086ರ ಡೂಮ್ಸ್‌ಡೇ ಭೂದಾಖಲೆಯಲ್ಲೇ ಬರುವ ಗೋಮಾಳ. ಇವತ್ತಿಗೂ ಅಲ್ಲಿ ಕುದುರೆ, ದನ ಮೇಯುತ್ತವೆ. ಆಮೇಲೆ ಆಸ್ನಿ ಸೇತುವೆ. ಅಲ್ಲಿ ಮೇಲೆ ಹತ್ತಿದರೆ ಆಕ್ಸ್‌ಫರ್ಡ್ ರೈಲು ನಿಲ್ದಾಣ ಕೆಲವೇ ನಿಮಿಷ, ರೀಡಿಂಗ್‌ಗೆ ಅರ್ಧ ಗಂಟೆಯ ದಾರಿ.

ಈ ಆಸ್ನಿ ಸೇತುವೆ ನೀರಿನಿಂದ ಏಳೂವರೆ ಅಡಿ ಎತ್ತರ ಅಷ್ಟೇ. ದೊಡ್ಡ ದೋಣಿಗಳು ಇದರಡಿ ನುಸುಳಲಾರವು, ಹಾಗಾಗಿ ಮೇಲಿನ ನದಿಗೆ ಬರುವುದು ಸಣ್ಣವು ಮಾತ್ರ. ನದಿಯ ಕೆಳಭಾಗದ ಹೆನ್ಲಿ, ಮಾರ್ಲೊ ಕಡೆ ಮಗಳ ಜೊತೆ ವಾರಾಂತ್ಯಕ್ಕೆ ಹೋಗಿದ್ದೇವೆ. ಅಲ್ಲಿ ಊಟಕ್ಕೂ ಕೋಣೆಗೂ ಕೊರತೆಯಿಲ್ಲ, ಆದರೆ ದೋಣಿ, ಬಂಗಲೆ, ಜನ ಎಲ್ಲ ತುಂಬಿಕೊಂಡಿವೆ. ಒಂದೇ ಸಲ ಹೋಗಲು ಆಗುವುದು ಅನ್ನುವವರಿಗೆ ನಾನು ಹೇಳುವುದು ಆಸ್ನಿಯಿಂದ ಮೇಲಿನ ಭಾಗವನ್ನೇ. ಏಪ್ರಿಲ್‌ಗಾದರೆ ಟಾಡ್‌ಪೋಲ್‌ನ ಕೋಣೆಯನ್ನು ಜನವರಿಯಲ್ಲೇ ಹಿಡಿದುಕೊಳ್ಳಿ.